ಘಾಟಿ ಇಳಿಯುವಾಗ ವ್ಯಾನಿನ ಬ್ರೇಕ್ ಬಿಸಿಯಾಗದಂತೆ ನಾನು ಮಾಡುವುದು

ಚಿಕ್ಕಮಗಳೂರು ಕಡೆಯಿಂದ ಧರ್ಮಸ್ಥಳಕ್ಕೆ ಜನರನ್ನು ಕರೆದೊಯ್ಯುವ ವ್ಯಾನ್ ನನ್ನದು. ಚಾರ್ಮಾಡಿ ಘಾಟಿ ಇಳಿಯಲೇಬೇಕು. ಜನ, ಲಗೇಜು ಸೇರಿದರೆ ಗಾಡಿ 4 ಟನ್ ಹತ್ತಿರ. ಅಷ್ಟು ತೂಕ 100 ಮೀಟರ್ ಕೆಳಗಿಳಿದಾಗ ಹುಟ್ಟುವ ಬಿಸಿಯಲ್ಲಿ 12 ಲೀಟರ್ ತಣ್ಣೀರು ಕುದಿ ಬರುತ್ತದೆ. ಅದನ್ನೆಲ್ಲ ಬ್ರೇಕ್ ಒಂದೇ ತಡೆದುಕೊಳ್ಳಬೇಕು ಅಂದರೆ ಹೇಗೆ? ಇಂಜಿನ್‌ಗೂ ಪಾಲು ಕೊಡಬೇಕು.

ಅದಕ್ಕೇ ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸುತ್ತೇನೆ. ಕಡಿದಾದ ಕಡೆ ಎರಡನೇ ಗೇರ್. ಆದರೂ ವೇಗ ಏರಿದರೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗ ತಗ್ಗಿದ ಕೂಡಲೇ ಕಾಲು ಪೂರ್ತಿ ತೆಗೆಯುತ್ತೇನೆ. ಆ ಬಿಡುವಿನಲ್ಲೇ ಡಿಸ್ಕು, ಡ್ರಮ್ಮು ಸ್ವಲ್ಪ ಆರುವುದು. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟುಕೊಂಡು ಇಳಿದರೆ ಆರುವುದಕ್ಕೆ ಹೊತ್ತೇ ಸಿಗುವುದಿಲ್ಲ. ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಮಾಡಿ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್‌ಗಳು ಡೀಸೆಲ್ ಕುಡಿಯುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ.

ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಡಿಸ್ಕು, ಡ್ರಮ್ಮನ್ನು ಒತ್ತಿ ಹಿಡಿಯುವ ಪ್ಯಾಡ್, ಲೈನರ್ ಕಾದಿವೆ ಎಂದರ್ಥ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಇನ್ನೂ ಅಪಾಯ, ಬ್ರೇಕ್ ಆಯಿಲ್ ಕುದಿಯುತ್ತಿರಬಹುದು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಮಲೆನಾಡಿನ ಮಳೆ ಗೊತ್ತಲ್ವಾ? ಗಾಡಿ ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುತ್ತೇನೆ.

ಕೆಳಗೆ ತಲುಪಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡುತ್ತೇನೆ, ಮುಟ್ಟುವುದಿಲ್ಲ. ಎಡ, ಬಲ ಒಂದೇ ಥರ ಬಿಸಿ ಇದ್ದರೆ ಚಿಂತೆಯಿಲ್ಲ. ಒಂದೇ ಚಕ್ರ ಸುಡುತ್ತಿದ್ದರೆ ಅಲ್ಲಿ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ಹಿಡಿದುಕೊಂಡಿರಬಹುದು, ಇಲ್ಲವೇ ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಬಿಡದೇ ಇರಬಹುದು. ಇದಕ್ಕೆ ಎಷ್ಟು ಜಾಣತನದಿಂದ ಓಡಿಸಿದರೂ ಪ್ರಯೋಜನವಿಲ್ಲ, ಬಿಚ್ಚಿಸಲೇಬೇಕು. ಪಿನ್‌ಗೆ ಬ್ರೇಕ್‌ಗೆಂದೇ ಬರುವ ಗ್ರೀಸ್ ಹಾಕಿಸಿ. ಸಾದಾ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ದಾರಿಯಲ್ಲೇ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸುತ್ತೇನೆ. ನೀರು ಎರಚುವುದಿಲ್ಲ, ಡಿಸ್ಕ್ ಬಿರುಕು ಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ. ತಣ್ಣಗಾದ ಮೇಲೂ ಪೆಡಲ್ ಮೆತ್ತಗಿದ್ದರೆ ಗಾಡಿ ಮುಂದೆ ಬಿಡುವುದಿಲ್ಲ. ಜನರಿಗೆ ಬೇರೆ ಗಾಡಿ ಮಾಡಿಸಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸುತ್ತೇನೆ.