ಕೇಬಲ್ ಜಾಯಿಂಟ್ ಕೆಲಸ ಕಲಿತದ್ದು, ಈಗ ಕಲಿಸುತ್ತಿರುವುದು

ನೆಲದಡಿ ಹೈಟೆನ್ಷನ್ ಕೇಬಲ್‌ಗೆ ಜಾಯಿಂಟ್ ಹಾಕುವ ಕೆಲಸ ನನ್ನದು. ಹೆಲ್ಪರ್ ಆಗಿ ಸೇರಿದೆ. ಗುಂಡಿ ತೋಡುವುದು, ನೀರು ಹೊರಹಾಕುವುದು, ಕೈ ಚಾಚಿದಾಗ ಸರಿಯಾದ ಟೂಲ್ ಕೊಡುವುದು, ಇಷ್ಟೇ. ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ಎಲ್ಲ ಬಂತು ಅನ್ನಿಸುತ್ತದೆ. ಆದರೆ ಚಾಕು ಕೈಗೆ ಬರುವವರೆಗೆ ಏನೂ ಬಂದಿರುವುದಿಲ್ಲ.

ನನಗೆ ಕಲಿಸಿದ ಹಿರಿಯರು ಮಿಕ್ಕ ತುಂಡು ಕೇಬಲ್ ಎಸೆಯಲು ಬಿಡುತ್ತಿರಲಿಲ್ಲ. ಅದರ ಮೇಲೆ ಸೆಮಿಕಾನ್ ಸುಲಿಸುತ್ತಿದ್ದರು, ಮತ್ತೆ ಮತ್ತೆ. 11 ಕೆವಿ ಕೇಬಲ್‌ನಲ್ಲಿ ಇನ್ಸುಲೇಷನ್ ದಪ್ಪ ಸುಮಾರು 3.4 ಮಿ.ಮೀ. ಅದರ ಮೇಲೆ ಅಂಟಿಕೊಂಡಿರುವ ತೆಳುವಾದ ಕಪ್ಪು ಪದರವೇ ಸೆಮಿಕಾನ್. ಚಾಕು ಆ ಪದರದ ಪೂರ್ತಿ ಆಳಕ್ಕೆ ಇಳಿಯಬಾರದು, ಗೀರಷ್ಟೇ ಬೀಳಬೇಕು, ಆಮೇಲೆ ಎಳೆದು ಕೀಳಬೇಕು. ಕೆಳಗಿನ ಇನ್ಸುಲೇಷನ್‌ಗೆ ಗೀರು ಬಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಇನ್ಸುಲೇಷನ್‌ನಷ್ಟು ವಿದ್ಯುತ್ ಒತ್ತಡ ತಡೆಯುವುದಿಲ್ಲ, ಒಳಗೇ ಸಣ್ಣ ಸಣ್ಣ ಕಿಡಿ ಹಾರುತ್ತಾ ಪ್ಲಾಸ್ಟಿಕ್ಕನ್ನು ತಿನ್ನುತ್ತಾ ಹೋಗುತ್ತದೆ. ಕರೆಂಟ್ ಬಿಟ್ಟ ದಿನ ಲೈನ್ ಚೆನ್ನಾಗಿಯೇ ನಿಲ್ಲಬಹುದು, ತಿಂಗಳುಗಳಾದ ಮೇಲೆ ಜಾಯಿಂಟ್ ಸಿಡಿಯುತ್ತದೆ.

ಸುಲಿದ ಮೇಲೆ ಇನ್ಸುಲೇಷನ್ ಒರೆಸುವುದಕ್ಕೂ ಒಂದು ದಿಕ್ಕಿದೆ. ಕಂಡಕ್ಟರ್, ಅಂದರೆ ನಡುವಿನ ಲೋಹದ ತಂತಿಯ ಕಡೆಯಿಂದ ಸೆಮಿಕಾನ್ ಕಡೆಗೆ ಮಾತ್ರ. ಅದೇ ಬಟ್ಟೆಯನ್ನು ಹಿಂದಕ್ಕೆ ಎಳೆದರೆ ಸೆಮಿಕಾನ್‌ನ ಕಾರ್ಬನ್ ಇನ್ಸುಲೇಷನ್ ಮೇಲೆ ಹರಡಿಕೊಳ್ಳುತ್ತದೆ. ಇದನ್ನು ಬೋರ್ಡ್ ಮೇಲೆ ಬರೆದು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಗುಂಡಿಯಲ್ಲಿ ಬೆನ್ನು ಬಗ್ಗಿಸಿ ಕೂತಾಗ ಕೈ ತಾನಾಗಿ ಹಿಂದೆ ಮುಂದೆ ಓಡುತ್ತದೆ. ಅದಕ್ಕೇ ಅಭ್ಯಾಸ ಮಾಡಿಸುವಾಗ ನಾನು ಮೇಜಿನ ಮೇಲೆ ಮಾಡಿಸುವುದಿಲ್ಲ. ನೆಲದಲ್ಲಿ, ಇಕ್ಕಟ್ಟಾದ ಜಾಗದಲ್ಲೇ ಕೂರಿಸುತ್ತೇನೆ.

ಇನ್ನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಅಭ್ಯಾಸದ ಜಾಯಿಂಟ್ ಪೂರ್ತಿ ತಣ್ಣಗಾದ ಮೇಲೆ ಮಾಡಿದವರ ಕೈಯಲ್ಲೇ ಉದ್ದಕ್ಕೆ ಸೀಳಿಸುತ್ತೇನೆ. ಬಿಸಿಗೆ ಕುಗ್ಗಿ ಜಾಯಿಂಟ್ ಮೇಲೆ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬನ್ನು ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಕಾಯಿಸಬೇಕು, ಆಗ ಗಾಳಿ ಹೊರಗೆ ಹೋಗುತ್ತದೆ. ಎರಡೂ ತುದಿಯಿಂದ ಕಾಯಿಸಿದವರ ಜಾಯಿಂಟ್ ಹೊರಗೆ ನೋಡಲು ನುಣ್ಣಗಿರುತ್ತದೆ, ಸೀಳಿದರೆ ನಡುವೆ ಗಾಳಿ ಗುಳ್ಳೆ. ಅದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ನಾನು ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ಕೇಬಲ್ ಮುಟ್ಟುವ ಮೊದಲು ಕರೆಂಟ್ ಆಫ್, ಸ್ವಿಚ್‌ಗೆ ಲಾಕ್, ಕರೆಂಟ್ ಇಲ್ಲ ಅಂತ ಟೆಸ್ಟ್, ಆಮೇಲೆ ಅರ್ಥ್. ಕತ್ತರಿಸುವ ಮೊದಲು ಇದೇ ಆ ಕೇಬಲ್ ಅಂತ ಖಚಿತ ಮಾಡಿಕೊಳ್ಳುವುದು. ಇದರಲ್ಲಿ ಅವಸರ ಮಾಡುವವರನ್ನು, ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ನಾನು ಸೈಟಿಗೆ ಕಳಿಸುವುದಿಲ್ಲ.

ಮುಂದೇನು ಅಂತ ಕೇಳುವವರಿಗೆ ಒಂದು ಮಾತು. ಜಾಯಿಂಟ್ ಕೈಗೆ ಕೂತ ಕೂಡಲೇ ಸೂಪರ್‌ವೈಸರ್ ಆಗಲು ಓಡಬೇಡಿ. ಟೆಸ್ಟಿಂಗ್ ಕಲಿಯಿರಿ, ಫಾಲ್ಟ್ ಎಲ್ಲಿದೆ ಅಂತ ಹುಡುಕುವುದನ್ನು ಕಲಿಯಿರಿ. ವರ್ಷಗಟ್ಟಲೆ ಗುಂಡಿಯಲ್ಲಿ ಕೂತರೆ ಮಂಡಿ ಸೋಲುತ್ತದೆ ಅಲ್ವಾ, ಆಗ ಈ ವಿದ್ಯೆ ನಿಮ್ಮನ್ನು ಇದೇ ಕೆಲಸದಲ್ಲಿ ಉಳಿಸುತ್ತದೆ. ಒಳಗೆ ಏನಿರುತ್ತದೆ ಅಂತ ಗೊತ್ತಿರುವ ಜಾಯಿಂಟರ್ ಮಾಡುವ ಟೆಸ್ಟಿಂಗ್‌ಗೆ ಬೆಲೆಯೂ ಜಾಸ್ತಿ. ಮಾಡಿದ ಪ್ರತಿ ಜಾಯಿಂಟ್‌ನ ಜಾಗ, ಕೇಬಲ್ ಸೈಜ್, ಕಿಟ್, ಟೆಸ್ಟ್ ರೀಡಿಂಗ್ ಬರೆದಿಡಿ. ನನಗೆ ಸಿಕ್ಕ ಒಳ್ಳೆಯ ಕೆಲಸಗಳಲ್ಲಿ ಹೆಚ್ಚಿನವು ಸರ್ಟಿಫಿಕೇಟ್ ಜೊತೆಗೆ ಆ ನೋಟ್‌ಬುಕ್ ನೋಡಿಯೇ ಸಿಕ್ಕವು.

ತರಬೇತಿಗೆ ಸೇರುವ ಮೊದಲು, ಪ್ರಾಕ್ಟೀಸಿಗೆ ಎಷ್ಟು ಕೇಬಲ್ ಕೊಡುತ್ತೀರಿ, ಮಾಡಿದ ಜಾಯಿಂಟ್ ಸೀಳಿ ತೋರಿಸುತ್ತೀರಾ ಅಂತ ಕೇಳಿ. ಉತ್ತರ ಹಾರಿಸಿದರೆ ಬೇರೆ ಜಾಗ ನೋಡಿ.