ತಣ್ಣಗಿನ ಕೇಕ್‌ಗೆ ಫಾಂಡೆಂಟ್: ಬೆವರಿದರೆ ಮುಟ್ಟಬೇಡಿ

ಫಾಂಡೆಂಟ್, ಅಂದರೆ ಲಟ್ಟಿಸಿ ಕೇಕ್ ಮೇಲೆ ಹೊದಿಸುವ ಸಕ್ಕರೆಯ ಹಿಟ್ಟು. ಅದನ್ನು ಹೊದಿಸುವ ಮೊದಲು ಕೇಕನ್ನು ಫ್ರಿಜ್‌ನಲ್ಲಿ ಇಡಬೇಕಾ ಬೇಡ್ವಾ? ಇಡಲೇಬೇಕು ಅನ್ನುವವರಿದ್ದಾರೆ, ಫ್ರಿಜ್ ಹೆಸರೆತ್ತಿದರೇ ಗಾಬರಿಯಾಗುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ತಣ್ಣಗಿರುವ ಕೇಕ್ ಗಟ್ಟಿಯಾಗಿ ನಿಲ್ಲುತ್ತದೆ, ಮೇಲಿಂದ ಒತ್ತಿದರೂ ಕುಸಿಯುವುದಿಲ್ಲ, ಅಂಚು ಚೆನ್ನಾಗಿ ಎದ್ದು ಕಾಣುತ್ತದೆ. ಆದರೆ ಹೊರಗೆ ತಂದ ಸ್ವಲ್ಪ ಹೊತ್ತಿಗೇ ಅದರ ಮೈಮೇಲೆ ನೀರು ಕೂರುತ್ತದೆ. ಫಾಂಡೆಂಟ್‌ಗೂ ನೀರಿಗೂ ಆಗಿಬರುವುದಿಲ್ಲ. ನನ್ನ ಮತ ಕೇಳಿದರೆ ಫ್ರಿಜ್‌ನಲ್ಲಿ ಇಡಿ, ಆದರೆ ಎಷ್ಟು ಹೊತ್ತು ಇಡಬೇಕು, ಹೊರಗೆ ತೆಗೆದ ಮೇಲೆ ಏನು ಮಾಡಬಾರದು ಅನ್ನುವುದು ಗೊತ್ತಿರಲಿ.

ಮೊದಲು ಈ ನೀರು ಎಲ್ಲಿಂದ ಬರುತ್ತದೆ ನೋಡೋಣ. ಕೇಕ್ ಒಳಗಿಂದ ಅಲ್ಲ, ಗಾಳಿಯಿಂದ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಹೊರಗೆಲ್ಲ ಹನಿ ಕಟ್ಟುತ್ತದಲ್ಲ, ಅದೇ ಕತೆ. ಕೋಣೆಯಲ್ಲಿ 27 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 70ರಷ್ಟು ತೇವಾಂಶ ಇದೆ ಅಂದುಕೊಳ್ಳಿ. ಆಗ ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಹನಿ ಕಟ್ಟುತ್ತದೆ. ಕೇಕ್ ಇರುವುದು 4-5 ಡಿಗ್ರಿಯಲ್ಲಿ, ಬಿಡುತ್ತದೆಯೇ? ಅದೇ ಎಸಿ ಹಾಕಿ 22 ಡಿಗ್ರಿ, ಶೇ 50ರಷ್ಟು ತೇವಾಂಶಕ್ಕೆ ತಂದರೆ ಈ ಗಡಿ 11 ಡಿಗ್ರಿಗೆ ಇಳಿಯುತ್ತದೆ, ಕೇಕ್ ಬೇಗ ಅದನ್ನು ದಾಟಿಬಿಡುತ್ತದೆ. ಎಸಿ ಕೋಣೆಯಲ್ಲಿ ಫಾಂಡೆಂಟ್ ಕೆಲಸ ಸಲೀಸು ಅನ್ನುವುದು ಇದಕ್ಕೇ. ಇನ್ನು ಫಾಂಡೆಂಟ್‌ನಲ್ಲಿ ಇರುವುದೇ ಹೆಚ್ಚಾಗಿ ಸಕ್ಕರೆ, ಜೊತೆಗೆ ಗ್ಲುಕೋಸ್ ಸಿರಪ್, ಗ್ಲಿಸರಿನ್. ಮೂರೂ ನೀರನ್ನು ಎಳೆದುಕೊಳ್ಳುವಂಥವೇ. ಹನಿ ಬಿದ್ದ ಕಡೆ ಸಕ್ಕರೆ ಕರಗಿ ಅಂಟಂಟಾಗುತ್ತದೆ.

ಒಳಗೆ ಏನಿರಬೇಕು

ಫಾಂಡೆಂಟ್ ಕೆಳಗೆ ವಿಪ್ಡ್ ಕ್ರೀಮ್ ಬೇಡ. ಅದರಲ್ಲಿ ನೀರು ಜಾಸ್ತಿ, ಭಾರವನ್ನೂ ತಡೆಯುವುದಿಲ್ಲ. ಕ್ರೀಮ್ ಚೀಸ್ ಕೂಡ ಹಾಗೇ. ಬೆಣ್ಣೆಯ ಬಟರ್‌ಕ್ರೀಮ್ ಆಗಬಹುದು, ಚಾಕೊಲೇಟ್‌ಗೆ ಕ್ರೀಮ್ ಬೆರೆಸಿ ಮಾಡುವ ಗನಾಶ್ ಆದರೆ ಇನ್ನೂ ಒಳ್ಳೆಯದು. ಡಾರ್ಕ್ ಚಾಕೊಲೇಟ್ ಆದರೆ ಎರಡು ಪಾಲು ಚಾಕೊಲೇಟ್‌ಗೆ ಒಂದು ಪಾಲು ಕ್ರೀಮ್, ವೈಟ್ ಚಾಕೊಲೇಟ್ ಆದರೆ ಮೂರಕ್ಕೆ ಒಂದು, ಎರಡೂ ತೂಕದ ಲೆಕ್ಕ. ಗನಾಶ್ ಹೊರಗಿದ್ದರೂ ಗಟ್ಟಿಯಾಗಿಯೇ ಇರುವುದರಿಂದ ಕೇಕನ್ನು ತೀರಾ ತಣ್ಣಗೆ ಮಾಡುವ ಅಗತ್ಯವೇ ಬರುವುದಿಲ್ಲ.

ಪದರಗಳ ನಡುವೆ ಫಿಲ್ಲಿಂಗ್ ಹಾಕಿ ಜೋಡಿಸಿದ ಕೂಡಲೇ ಹೊರಗಿನ ಲೇಪಕ್ಕೆ ಕೈ ಹಾಕಬೇಡಿ. ಕೇಕನ್ನು ಕ್ಲಿಂಗ್ ಫಿಲ್ಮ್‌ನಲ್ಲಿ ಸುತ್ತಿ, ಮೇಲೆ ಹಗುರವಾದ ಒಂದು ಕೇಕ್ ಬೋರ್ಡ್ ಇಟ್ಟು ಕೆಲವು ಗಂಟೆ ಬಿಡಿ, ತನ್ನ ಭಾರಕ್ಕೆ ತಾನೇ ಕೂರಲಿ. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಮೇಲೆ ಫಾಂಡೆಂಟ್ ಹೊದಿಸಿ ಎಲ್ಲ ಚೆಂದ ಆಯಿತು ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ದೊಡ್ಡ ಗುಳ್ಳೆ ಉಬ್ಬಿ ನಿಲ್ಲುತ್ತದೆ. ಕೇಕ್ ಕುಸಿಯುತ್ತಾ ಒಳಗಿನ ಗಾಳಿ ಹೊರಗೆ ಬರಲು ನೋಡುತ್ತದೆ, ಬಿಸಿ ಏರಿದಂತೆ ಅದೇ ಗಾಳಿ ಹಿಗ್ಗುತ್ತದೆ, ಹೊರಗೆ ಫಾಂಡೆಂಟ್ ಬಾಗಿಲು ಮುಚ್ಚಿರುತ್ತದೆ.

ಕೇಕ್ ಕೂತ ಮೇಲೆ ತೆಳುವಾಗಿ ಒಂದು ಲೇಪ ಕೊಡಿ. ಪುಡಿ ಉದುರದಂತೆ ಹಿಡಿಯುವ ಕ್ರಂಬ್ ಕೋಟ್ ಅಂದರೆ ಇದೇ. 15-20 ನಿಮಿಷ ಫ್ರಿಜ್‌ನಲ್ಲಿಟ್ಟು ಎರಡನೇ ಲೇಪ ಕೊಟ್ಟು ನುಣ್ಣಗೆ ಮಾಡಿ. ಇಲ್ಲಿ ಉಳಿದ ತಗ್ಗು, ಉಬ್ಬು ಎಲ್ಲವೂ ಫಾಂಡೆಂಟ್ ಮೇಲೆ ಎದ್ದು ಕಾಣುತ್ತವೆ, ಮುಚ್ಚಿಹೋಗುತ್ತೆ ಬಿಡು ಅನ್ನಬೇಡಿ. ಮತ್ತೆ ಫ್ರಿಜ್‌ನಲ್ಲಿ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ನಮಗೆ ಬೇಕಾಗಿರುವುದು ಹೊರಗಿನ ಲೇಪ ಗಟ್ಟಿಯಾಗುವುದು ಅಷ್ಟೇ, ಕೇಕ್ ಹೊಟ್ಟೆಯೊಳಗೆಲ್ಲ ಚಳಿ ಹೊಕ್ಕುವುದಲ್ಲ. ಮೆಲ್ಲಗೆ ಬೆರಳಿಟ್ಟು ನೋಡಿ, ಗುರುತು ಬೀಳದಿದ್ದರೆ ಸಾಕು. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದ ಕೇಕ್ ಆದರೆ 15-20 ನಿಮಿಷ ಹೊರಗಿಟ್ಟು, ಹನಿ ಕಟ್ಟಿದ್ದರೆ ಟಿಶ್ಯೂ ಒತ್ತಿ ತೆಗೆಯಿರಿ. ಉಜ್ಜಬೇಡಿ.

ಲಟ್ಟಿಸುವುದು

ಅಳತೆ ಸುಲಭ: ಕೇಕಿನ ಅಗಲಕ್ಕೆ ಎತ್ತರದ ಎರಡರಷ್ಟು ಸೇರಿಸಿ, ಮೇಲೆ ಇನ್ನೊಂದು 5 ಸೆಂ.ಮೀ. 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ದುಂಡನೆ ಕೇಕ್‌ಗೆ 45 ಸೆಂ.ಮೀ. ಅಗಲದ ಹಾಳೆ ಬೇಕು. ಅದಕ್ಕೆ ಸುಮಾರು 800 ಗ್ರಾಂ ಹಿಡಿಯುತ್ತದೆ, 1 ಕೆ.ಜಿ. ಕೈಯಲ್ಲಿರಲಿ. ದಪ್ಪ 3ರಿಂದ 4 ಮಿ.ಮೀ. ಇದಕ್ಕಿಂತ ತೆಳು ಮಾಡಿದರೆ ಅಂಚಿನಲ್ಲಿ ಹರಿಯುತ್ತದೆ, ದಪ್ಪ ಮಾಡಿದರೆ ಭಾರಕ್ಕೆ ಜೋತು ಬೀಳುತ್ತದೆ, ತಿನ್ನುವವರೂ ಸುಲಿದು ಪಕ್ಕಕ್ಕಿಡುತ್ತಾರೆ.

ಕೇಕ್ ಫ್ರಿಜ್‌ನಲ್ಲಿರುವಾಗಲೇ ಫಾಂಡೆಂಟನ್ನು ಚೆನ್ನಾಗಿ ನಾದಿ ಮೆದು ಮಾಡಿಕೊಳ್ಳಿ. ಗಟ್ಟಿಯಾಗಿದ್ದರೆ ಮೈಕ್ರೋವೇವ್‌ನಲ್ಲಿ 5 ಸೆಕೆಂಡ್, ಸಾಲದಿದ್ದರೆ ಇನ್ನೊಂದು 5. ಕೈಗೆ ಅಂಟಿದರೆ ಚಿಟಿಕೆ ಕಾರ್ನ್‌ಫ್ಲೋರ್. ಎಳೆದಾಗ ಬಿರುಕು ಬಿಟ್ಟರೆ ಒಂಚೂರು ವೆಜಿಟೆಬಲ್ ಶಾರ್ಟನಿಂಗ್ (ವನಸ್ಪತಿಯಂಥ ಗಟ್ಟಿ ಕೊಬ್ಬು) ಹಚ್ಚಿ ಮತ್ತೆ ನಾದಿ. ಕಾರ್ನ್‌ಫ್ಲೋರ್ ಜಾಸ್ತಿ ಆದರೆ ಒಣಗಿ ಸಣ್ಣ ಸುಕ್ಕುಗಳೆಲ್ಲ ಏಳುತ್ತವೆ, ಕೈ ಹಿಡಿತದಲ್ಲಿರಲಿ. ಬಣ್ಣ ಬೇಕಿದ್ದರೆ ಜೆಲ್ ಬಣ್ಣವೇ ಹಾಕಿ, ನೀರಿನಂಥ ಬಣ್ಣ ಹಾಕಿದರೆ ಫಾಂಡೆಂಟ್ ಅಂಟಾಗುತ್ತದೆ.

ಕೇಕ್ ಹೊರಗೆ ತೆಗೆದ ಮೇಲೆ ಲಟ್ಟಿಸಲು ಶುರು ಮಾಡಿ. ಮೊದಲೇ ಲಟ್ಟಿಸಿಟ್ಟರೆ ಕಾಯುತ್ತಾ ಒಣಗುತ್ತದೆ. ನಡುವಿನಿಂದ ಹೊರಗೆ ಲಟ್ಟಿಸುತ್ತಾ, ಆಗಾಗ ಸ್ವಲ್ಪ ತಿರುಗಿಸುತ್ತಾ ಇರಿ, ಮಗುಚಬೇಡಿ. ಈ ನಾಲ್ಕೈದು ನಿಮಿಷದಲ್ಲಿ ಬಟರ್‌ಕ್ರೀಮ್ ಮೇಲೆ ತೆಳುವಾಗಿ ಪಸೆ ಬಂದಿರುತ್ತದೆ, ಫಾಂಡೆಂಟ್ ಅಂಟಲು ಅಷ್ಟು ಸಾಕು. ಮತ್ತೆ ನೀರು ಬಳಿಯುವ ಉಸಾಬರಿ ಬೇಡ. ಒಣಗಿದ ಗನಾಶ್ ಆದರೆ ಮಾತ್ರ ಬ್ರಷ್‌ನಿಂದ ಸಕ್ಕರೆ ಪಾಕ ತೆಳುವಾಗಿ ಸವರಿ.

ಹೊದಿಸುವುದು

ಹಾಳೆಯನ್ನು ಲಟ್ಟಣಿಗೆಗೆ ಸಡಿಲವಾಗಿ ಸುತ್ತಿ, ಕೇಕಿನ ಒಂದು ಬದಿಯಿಂದ ಬಿಚ್ಚುತ್ತಾ ಹೋಗಿ. ಮೊದಲು ಮೇಲ್ಭಾಗವನ್ನು ಅಂಗೈಯಿಂದ ನಡುವಿನಿಂದ ಹೊರಗೆ ಸವರಿ, ಗಾಳಿ ಹೊರಟುಹೋಗಲಿ. ಕೂಡಲೇ ಮೇಲಿನ ಅಂಚನ್ನು ಸುತ್ತಲೂ ಅಂಟಿಸಿ. ಜೋತ ಹಾಳೆಯ ಭಾರವೆಲ್ಲ ಅಲ್ಲಿ ಬೀಳುವುದರಿಂದ ಹರಿಯುವುದೂ ಮೊದಲು ಅಲ್ಲೇ.

ಪಕ್ಕಕ್ಕೆ ಬಂದಾಗ ನೆರಿಗೆ ಬೀಳುತ್ತದೆ. ಗಾಬರಿ ಬೇಡ, ಅದನ್ನು ಕೇಕ್‌ಗೆ ಒತ್ತಲೂ ಬೇಡ, ಒತ್ತಿದರೆ ಮಡಿಕೆ ಹಾಗೇ ಕೂತುಬಿಡುತ್ತದೆ. ಒಂದು ಕೈಯಲ್ಲಿ ಹಾಳೆಯ ಕೆಳಗಿನ ಅಂಚು ಹಿಡಿದು, ಕೇಕ್‌ನಿಂದ ತುಸು ದೂರಕ್ಕೆ ಎತ್ತಿ, ನೆರಿಗೆ ಬಿಚ್ಚಿ ಹಾಳೆ ಬಟ್ಟೆಯಂತೆ ಸಡಿಲವಾದ ಮೇಲೆ ಇನ್ನೊಂದು ಕೈಯ ಪಕ್ಕದಿಂದ ಮೇಲಿನಿಂದ ಕೆಳಕ್ಕೆ ಸವರಿ ಅಂಟಿಸಿ. ಕೆಳಕ್ಕೆ ಎಳೆಯುವುದಲ್ಲ, ಸವರುವುದು. ಕೇಕ್ ಇಟ್ಟ ಟರ್ನ್‌ಟೇಬಲ್ (ತಿರುಗುವ ಪೀಠ) ತಿರುಗಿಸುತ್ತಾ ಅಂಗೈ ಅಗಲದಷ್ಟೇ ಮುಂದೆ ಹೋಗಿ.

ಆಮೇಲೆ ಬುಡದಲ್ಲಿ ಒಂದೆರಡು ಸೆಂ.ಮೀ. ಬಿಟ್ಟು ಹೆಚ್ಚುವರಿ ಕತ್ತರಿಸಿ, ಸ್ಮೂದರ್ (ಮೇಲ್ಮೈ ನುಣ್ಣಗೆ ಮಾಡುವ ಚಪ್ಪಟೆ ಸಾಧನ) ಆಡಿಸಿ, ಕೊನೆಯಲ್ಲಿ ಬುಡಕ್ಕೆ ಸರಿಯಾಗಿ ಕತ್ತರಿಸಿ. ಎರಡು ಸ್ಮೂದರ್ ಇದ್ದರೆ ಒಂದನ್ನು ಮೇಲೆ, ಇನ್ನೊಂದನ್ನು ಪಕ್ಕಕ್ಕೆ ಹಿಡಿದು ಒಟ್ಟಿಗೆ ಒತ್ತುತ್ತಾ ಬಂದರೆ ಅಂಚು ಚೂಪಾಗುತ್ತದೆ. ಸಣ್ಣ ಗುಳ್ಳೆ ಕಂಡರೆ ತೆಳು ಸೂಜಿಯನ್ನು ಓರೆಯಾಗಿ ಚುಚ್ಚಿ, ಗಾಳಿಯನ್ನು ತೂತಿನ ಕಡೆಗೆ ತಳ್ಳಿ, ಬೆರಳಿನಿಂದ ಸವರಿದರೆ ಮುಗಿಯಿತು. ಸೂಜಿಯನ್ನು ಲೆಕ್ಕ ಇಟ್ಟು ವಾಪಸ್ ಎತ್ತಿಡಿ, ಕೇಕ್ ತಿನ್ನುವಂಥದ್ದು ಅಲ್ವಾ!

ಬೆವರಿದಾಗ

ಇಷ್ಟೆಲ್ಲ ಆದ ಮೇಲೂ ಫಾಂಡೆಂಟ್ ಹೊಳೆಯಲು ಶುರುವಾಗಬಹುದು, ಹನಿಯೂ ಕಾಣಬಹುದು. ಕೈ ತುರಿಸುತ್ತದೆ, ಒರೆಸೋಣ ಅನಿಸುತ್ತದೆ. ಬೇಡ, ಸುಮ್ನೆ ಬಿಡಿ. ಒರೆಸಿದರೆ ಕರಗಿದ ಸಕ್ಕರೆ ಎಳೆದುಕೊಂಡು ಬರುತ್ತದೆ, ಬೆರಳಿನ ಗುರುತು ಉಳಿಯುತ್ತದೆ, ಗಾಢ ಬಣ್ಣವಾದರೆ ಕಲೆಯೂ ಬೀಳುತ್ತದೆ. ಎಸಿ ಇದ್ದರೆ ಹಾಕಿ, ಇಲ್ಲದಿದ್ದರೆ ಫ್ಯಾನ್ ಗಾಳಿ ಮೆಲ್ಲಗೆ ಬೀಸುವಲ್ಲಿ ಇಡಿ. ಕೇಕ್ ಕೋಣೆಯ ಬಿಸಿಗೆ ಬಂದಂತೆ ಹನಿ ತಾನಾಗಿ ಆರುತ್ತದೆ. ಅಲ್ಲಿಯವರೆಗೆ ಹೂವು, ಅಕ್ಷರ, ಡಸ್ಟ್ ಬಣ್ಣ (ಪುಡಿ ಬಣ್ಣ) ಯಾವುದನ್ನೂ ಹಚ್ಚಬೇಡಿ.

ಒಳಗಿನ ಫಿಲ್ಲಿಂಗ್ ಕೆಡುವಂಥದ್ದಾಗಿದ್ದು ಮತ್ತೆ ಫ್ರಿಜ್‌ನಲ್ಲಿ ಇಡಲೇಬೇಕಾದರೆ, ರಟ್ಟಿನ ಡಬ್ಬದಲ್ಲಿ ಹಾಕಿ ಮುಚ್ಚಿ ಇಡಿ. ರಟ್ಟು ಪಸೆ ಹೀರುತ್ತದೆ. ಹೊರಗೆ ತೆಗೆದಾಗಲೂ ಡಬ್ಬ ತೆರೆಯದೆ ಹಾಗೇ ಇಟ್ಟರೆ ಹನಿ ಡಬ್ಬದ ಹೊರಗೆ ಕೂರುತ್ತದೆ, ಕೇಕ್ ಮೇಲೆ ಅಷ್ಟಾಗಿ ಅಲ್ಲ. ಹೊರಡುವ ಗಡಿಬಿಡಿಯಲ್ಲಿ ಒಮ್ಮೆ ನೋಡಿಬಿಡೋಣ ಅಂತ ಮುಚ್ಚಳ ಎತ್ತಿದರೆ ಇಷ್ಟು ಮಾಡಿದ್ದೂ ನೀರಿನಲ್ಲಿ ಹೋಮ.

ಕತ್ತರಿಸಿ ಮಿಕ್ಕ ಫಾಂಡೆಂಟ್‌ನಲ್ಲಿ ಕೇಕ್ ಪುಡಿ, ಕ್ರೀಮ್ ಅಂಟಿರುವ ಭಾಗವನ್ನು ಎಸೆದು, ಉಳಿದದ್ದಕ್ಕೆ ತುಸು ಶಾರ್ಟನಿಂಗ್ ಸವರಿ, ಕ್ಲಿಂಗ್ ಫಿಲ್ಮ್‌ನಲ್ಲಿ ಬಿಗಿಯಾಗಿ ಸುತ್ತಿ ಗಾಳಿಯಾಡದ ಡಬ್ಬದಲ್ಲಿ ಹೊರಗೇ ಇಡಿ.