ಮನೆಯ ವೈನಿಗೆ ತಾಜಾ ದ್ರಾಕ್ಷಿ ಆಯ್ದುಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಮನೆಯಲ್ಲೇ ವೈನ್ ಮಾಡುವವರಿಗೆ ಬೆಂಗಳೂರು ನೀಲಿ ದ್ರಾಕ್ಷಿಗಿಂತ ಹತ್ತಿರದ ಆಯ್ಕೆ ಬೇರೊಂದಿಲ್ಲ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಯನ್ನು ದೇವನಹಳ್ಳಿ, ಚಿಕ್ಕಬಳ್ಳಾಪುರ ಮತ್ತು ಕೋಲಾರದ ಸುತ್ತ ಬೆಳೆಯುತ್ತಾರೆ.

ದ್ರಾಕ್ಷಿ ಕೊಯ್ದ ಮೇಲೆ ಮತ್ತೆ ಹಣ್ಣಾಗುವುದಿಲ್ಲ, ಮಾವಿನಂತೆ ಮನೆಯಲ್ಲಿಟ್ಟು ಮಾಗಿಸುವಂತಿಲ್ಲ; ಆದ್ದರಿಂದ ಕೊಳ್ಳುವ ಮುನ್ನ ಗೊಂಚಲಿನ ತುದಿಯ ಕಾಯನ್ನೇ ತಿಂದು ನೋಡಬೇಕು, ಏಕೆಂದರೆ ಸಿಹಿ ಅಲ್ಲಿಗೆ ಕೊನೆಯಲ್ಲಿ ತಲುಪುತ್ತದೆ. ಬೀಜ ಕಂದು ಬಣ್ಣಕ್ಕೆ ತಿರುಗಿರಬೇಕು, ತೊಟ್ಟು ಹಸಿರಾಗಿರಬೇಕು. ಸಿಪ್ಪೆಯ ಮೇಲಿನ ಬೂದಿಯಂಥ ಲೇಪ ಹಣ್ಣಿನ ಸಹಜ ಮೇಣ, ಅದಿದ್ದರೆ ಹಣ್ಣು ಹೆಚ್ಚು ಕೈಬದಲಾಗಿಲ್ಲವೆಂದು ತಿಳಿಯಬಹುದು. ಒಡೆದ, ಹುಳಿವಾಸನೆಯ ಹಣ್ಣುಗಳಿರುವ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ಬೇಡ. ಅಲ್ಲಿ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಆಗಲೇ ನೆಲೆಸಿರುತ್ತದೆ.

ಸಾಧ್ಯವಾದರೆ ತೋಟಕ್ಕೇ ಹೋಗಿ, ಕೊನೆಯ ಔಷಧಿ ಸಿಂಪಡಣೆ ಯಾವಾಗ ಆಯಿತೆಂದು ರೈತರನ್ನು ಕೇಳಿ, ಬೆಳಗಿನ ತಂಪಿನಲ್ಲಿ ಕೊಯ್ಸಿಕೊಳ್ಳುವುದು ನನ್ನ ಮಟ್ಟಿಗೆ ಅತ್ಯುತ್ತಮ ದಾರಿ. ಪೇಟೆಯಲ್ಲಾದರೆ ಹಾಪ್‌ಕಾಮ್ಸ್ ಮಳಿಗೆಗಳಿವೆ, ಕೆ.ಆರ್. ಮಾರುಕಟ್ಟೆಯೂ ಇದೆ. ಒಂದು ಲೀಟರ್ ವೈನಿಗೆ ಸುಮಾರು ಒಂದೂವರೆ ಕಿಲೋ ಹಣ್ಣು ಲೆಕ್ಕ ಹಾಕಿ, ಕೊಂಡ ದಿನವೇ ಹಿಸುಕಲು ಪಾತ್ರೆಗಳನ್ನು ತೊಳೆದು ಒಣಗಿಸಿಟ್ಟುಕೊಳ್ಳಿ.